ಅಳತೆಯಕ್ಕ ಬರೆದ ಪ್ರೋಗ್ರಾಮು

ಹಣ್ಣಿನ ಗೋದಾಮಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಅಳತೆಯಕ್ಕ ಎಂದೇ. ಕಿತ್ತಳೆ ಅಂಗೈಗೆ ಬಂದರೆ ಸಾಕು, ಸಣ್ಣದೋ, ಮಧ್ಯಮವೋ, ದೊಡ್ಡದೋ, ಭಾರೀ ದೊಡ್ಡದೋ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಹಾಗೆ ಇಪ್ಪತ್ತು ವರ್ಷ ಹೇಳಿದಳು. ಆಮೇಲೆ ಬೆರಳು ಜೋಮು ಹಿಡಿದು ಕೈಗೆ ಏನೂ ತಿಳಿಯದಾಯಿತು. ಹೊಸಬರಿಗೆಂದು ಇಟ್ಟಿದ್ದ, ಗಾತ್ರಕ್ಕೊಂದು ತೂತಿರುವ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಕದ್ದು ಅಳೆಯತೊಡಗಿದಳು. ಗೊತ್ತಾದರೆ ಮನೆಗೆ ಕಳಿಸುತ್ತಾರೆಂದು ರಾತ್ರಿ ನಿದ್ದೆಯೂ ಹತ್ತದು. ಅಷ್ಟು ದುಡಿದವಳಿಗೆ ಈ ಕಳ್ಳಾಟ ಬೇಕಿತ್ತೇ?

ಅಷ್ಟರಲ್ಲಿ ವಿಂಗಡಿಸುವ ಯಂತ್ರ ಬಂತು. ಹಣ್ಣಿನ ಅಗಲವನ್ನು ಅದೇ ಅಳೆಯುತ್ತದೆ. ಯಾವ ಅಗಲದ್ದು ಯಾವ ಪೆಟ್ಟಿಗೆಗೆ ಎಂಬ ಪ್ರೋಗ್ರಾಮನ್ನು ಮಾತ್ರ ಬರೆದು ಕೊಡಬೇಕು. ಶನಿವಾರದೊಳಗೆ ಸರಿಯಾಗಿ ಬರೆದವರಿಗೆ ಯಂತ್ರದ ಪಕ್ಕದ ಕುರ್ಚಿ ಎಂದರು ಮೇಸ್ತ್ರಿ. ಅಳತೆಯಕ್ಕ ಕಾಲೇಜಿಗೆ ಹೋಗುವ ತಂಗಿಯ ಮಗಳ ಬೆನ್ನು ಹತ್ತಿದಳು. "ಹೀಗಿದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಮುಂದಿನದನ್ನು ಕೇಳು" ಎಂಬ ಸಾಲುಗಳನ್ನು ಪೋಣಿಸುವುದು ನಾಲ್ಕೇ ದಿನಕ್ಕೆ ಬಂತು.

ಶುಕ್ರವಾರ ಪರೀಕ್ಷಿಸಿದರೆ ಬುರುಡೆ ಗಾತ್ರದ ಕಿತ್ತಳೆಯೂ ಮಧ್ಯಮದ ಪೆಟ್ಟಿಗೆಗೇ ಬಿತ್ತು! ಭಾರೀ ಪೆಟ್ಟಿಗೆ ಬಣಬಣ. ಪ್ಯಾಕಿಂಗಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏಳಕ್ಕಿಂತ ದೊಡ್ಡದಾದ್ರೆ ಭಾರೀ ಪೆಟ್ಟಿಗೆಗೆ ಅಂತ ಬರ್ದಿದೀನಲ್ಲೇ! ಇದಕ್ಕೇನು ಕಣ್ಣಿಲ್ವಾ?" ಎಂದು ಮನೆಗೆ ಬಂದವಳೇ ಹುಡುಗಿಯ ಮೇಲೆ ಹರಿಹಾಯ್ದಳು.

"ದೊಡ್ಡಮ್ಮ, ಅದು ಆ ಸಾಲಿಗೆ ಬರೋದೇ ಇಲ್ಲ. ನೀನು ಮೊದಲು ಬರ್ದಿರೋದು ಐದಕ್ಕಿಂತ ದೊಡ್ಡದಾದ್ರೆ ಮಧ್ಯಮ ಅಂತ. ಎಂಟು ಸೆಂಟಿಮೀಟರ್ ಹಣ್ಣು ಐದಕ್ಕಿಂತ ದೊಡ್ಡದು, ಹೌದೋ ಅಲ್ವೋ?"

"ಹೌದು."

"ಮೊದಲನೇ ಹೌದು ಸಿಕ್ಕಿದ ತಕ್ಷಣ ಆ ಪೆಟ್ಟಿಗೆಗೆ ಹಾಕಿ ಕೈ ತೊಳ್ಕೊಳ್ಳುತ್ತೆ. ಕೆಳಗೇನಿದೆ ಅಂತ ತಿರುಗೀನೂ ನೋಡಲ್ಲ."

ಅಳತೆಯಕ್ಕನಿಗೆ ಮಡಿಲಿನ ಹಲಗೆ ಕಣ್ಣಿಗೆ ಕಟ್ಟಿತು. ಅದರಲ್ಲೂ ಸಣ್ಣ ತೂತೇ ಮೊದಲು. ಆದರೆ ಹಲಗೆ ಕೇಳುವುದು "ನನಗಿಂತ ಚಿಕ್ಕವನಾ?" ಎಂದು, ಹೌದಾದರೆ ಹಣ್ಣು ಬೀಳುತ್ತದೆ, ಇಲ್ಲವಾದರೆ ಮುಂದಿನ ತೂತಿಗೆ ಉರುಳುತ್ತದೆ. ಅವಳು ಹಲಗೆಯ ಸಾಲನ್ನು ಹಾಗೇ ಇಳಿಸಿ, ಪ್ರಶ್ನೆಯನ್ನು ಮಾತ್ರ ತಿರುವುಮುರುವು ಮಾಡಿದ್ದಳು. ಹಲಗೆಗೆ ಕೈ ಪಳಗಿದವಳಲ್ಲದೆ ಬೇರೆ ಯಾರು ಇಂಥ ತಪ್ಪು ಮಾಡಿಯಾರು! ಐದಕ್ಕಿಂತ ಚಿಕ್ಕದಾದರೆ ಸಣ್ಣ. ಇಲ್ಲದಿದ್ದರೆ, ಆರಕ್ಕಿಂತ ಚಿಕ್ಕದಾದರೆ ಮಧ್ಯಮ. ಇಲ್ಲದಿದ್ದರೆ, ಏಳಕ್ಕಿಂತ ಚಿಕ್ಕದಾದರೆ ದೊಡ್ಡದು. ಉಳಿದದ್ದೆಲ್ಲ ಭಾರೀ ಎಂದು ಕೂತಲ್ಲೇ ತಿದ್ದಿದಳು.

ಶನಿವಾರ ಒಂದು ಹಣ್ಣೂ ದಾರಿ ತಪ್ಪಲಿಲ್ಲ. ಖುಷಿಯಾದ ಮೇಸ್ತ್ರಿ ಒಂದು ಕಿತ್ತಳೆಯನ್ನು ಅವಳ ಅಂಗೈಗಿಟ್ಟು, "ಕಣ್ಣು ಮುಚ್ಚಿ ಅಕ್ಕ, ಯಂತ್ರಕ್ಕಿಂತ ಮುಂಚೆ ನೀವು ಹೇಳಿ ನೋಡೋಣ" ಎಂದರು. ಎಲ್ಲರೂ ಸುತ್ತ ನೆರೆದರು.

ಏನೋ ಒಂದು ಊಹಿಸಿ ಹೇಳಬಹುದಿತ್ತು. ಆದರೆ ಅವಳು ಹಣ್ಣನ್ನು ಮೇಸ್ತ್ರಿಯ ಕೈಗೇ ಮರಳಿಸಿದಳು. "ಗೊತ್ತಾಗ್ತಿಲ್ಲ ಸಾರ್. ಎರಡು ವರ್ಷದಿಂದ ಈ ಕೈಗೆ ಏನೂ ಗೊತ್ತಾಗ್ತಿಲ್ಲ" ಎಂದವಳೇ ಅತ್ತುಬಿಟ್ಟಳು.

ಮೇಸ್ತ್ರಿ ಕುರ್ಚಿಯನ್ನು ಅವಳತ್ತ ಎಳೆದರು. "ನಂಗೆ ಮೊದಲಿಂದಲೂ ಗೊತ್ತು. ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ. ಇವತ್ತು ಕುರ್ಚಿ ನಿಮ್ಮದೇ ಆಯ್ತಲ್ಲ, ಇನ್ನು ಮುಚ್ಚಿಡೋದು ಬೇಡ ಅಂತ ಕೇಳಿದೆ. ಕೂತ್ಕೊಳ್ಳಿ."

ಅಳತೆಯಕ್ಕ ಕಣ್ಣೊರೆಸಿಕೊಂಡು ಅವರನ್ನು ದುರುಗುಟ್ಟಿ ನೋಡಿದಳು. "ಅವತ್ತೇ ಒಂದು ಮಾತು ಹೇಳಿದ್ರೆ ಎರಡು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ನಲ್ಲ ಸಾರ್!"