ಖಾಲಿ ಕ್ಯಾನು ಹಿಡಿದು ವಾಕಿಂಗು

ಹದಿನೈದು ದಿನ ನಾನು ಖಾಲಿ ಹಾಲಿನ ಕ್ಯಾನು ಹಿಡಿದುಕೊಂಡು ವಾಕಿಂಗ್ ಮಾಡಿದ್ದೇನೆ. ಹಾಲು ತರಲಿಕ್ಕಲ್ಲ. (ಹಾಲು ಮನೆಗೇ ಬರುತ್ತದೆ.) ವಾಕಿಂಗ್ ಮಾಡುತ್ತಿದ್ದೇನೆ ಅಂತ ಯಾರಿಗೂ ಗೊತ್ತಾಗಬಾರದು, ಅಷ್ಟೇ.

ನಗಬೇಡಿ. ನಮ್ಮ ಆನವಟ್ಟಿಯಲ್ಲಿ ಒಮ್ಮೆ ಬರಿಗೈಯಲ್ಲಿ ನಡೆದು ನೋಡಿ. ಪರಿಚಯದವರ ಬೈಕು ಪಕ್ಕದಲ್ಲೇ ನಿಲ್ಲುತ್ತದೆ. "ಎಲ್ಲಿಗೆ ಹೊಂಟ್ರಿ? ಹತ್ರಿ, ಬಿಡ್ತೀನಿ." ಬೇಡ ಅಂದರೆ ಅವರಿಗೆ ಬೇಸರ. ಸುಮ್ಮನೆ ನಡೆಯುತ್ತಿದ್ದೇನೆ ಅಂದರೆ ನಗು. ಮೊದಲ ದಿನ ಸಂಕೋಚಕ್ಕೆ ಹೋಗುವಾಗ ಒಬ್ಬರ ಬೈಕು ಹತ್ತಿದೆ, ಬರುವಾಗ ಇನ್ನೊಬ್ಬರದು. ನಡೆದಿದ್ದೆಷ್ಟು? ಮನೆ ಬಾಗಿಲಿಂದ ರಸ್ತೆಯವರೆಗೆ! ಕೈಯಲ್ಲಿ ಕ್ಯಾನಿದ್ದರೆ "ಇಲ್ಲೇ, ಹಾಲಿಗೆ" ಅಂದು ಪಾರಾಗಬಹುದು.

ಶಿಕಾರಿಪುರದ ಡಾಕ್ಟರು ರಿಪೋರ್ಟ್ ನೋಡಿ, "ಶುಗರ್ ಜಾಸ್ತಿ ಇದೆ. ದಿನಾ ಒಂದು ಗಂಟೆ ನಡೀರಿ" ಅಂದಿದ್ದರು. ನನಗೆ ಸಿಟ್ಟೇ ಬಂತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸುತ್ತಿಗೆ ಹಿಡಿದವನು ನಾನು. ಇವತ್ತಿಗೂ ನನ್ನ ವೆಲ್ಡಿಂಗ್ ಶಾಪಿನಲ್ಲಿ ಟ್ರೈಲರ್ ಎತ್ತುವಾಗ ಮೊದಲ ಕೈ ನನ್ನದೇ. ವ್ಯಾಯಾಮ ಕೂತು ಉಣ್ಣುವವರಿಗೆ. ನನಗ್ಯಾಕೆ?

ಮಗಳು ಸಹನಾ ಬಿಡಲಿಲ್ಲ. ಎಂಟನೇ ಕ್ಲಾಸು. "ನಾನೂ ಬರ್ತೀನಿ ಅಪ್ಪಾಜಿ. ನೀನು ನಡಿ, ನಾನು ಓಡ್ತೀನಿ."

ಸ್ವಲ್ಪ ಮೈಕೈ ತುಂಬಿಕೊಂಡ ಹುಡುಗಿ. ಶಾಲೆಯಲ್ಲಿ ಆಟ ಅಂದರೆ ಹಿಂದೆ ಸರಿಯುವವಳು, ಕೆರೆ ಏರಿ ಮೇಲೆ ಮಾತ್ರ ಯಾರ ಹಂಗೂ ಇಲ್ಲದೆ ಓಡುತ್ತಿದ್ದಳು. ಏದುಸಿರು ಬಿಡುತ್ತ ವಾಪಸ್ ಬಂದು, "ಇವತ್ತು ತೂಬಿನ ತನಕ ಎಲ್ಲೂ ನಿಲ್ಲಲಿಲ್ಲ!" ಅನ್ನೋಳು. ನಾನೋ, ಯಾರಾದರೂ ಕಂಡರೆ ಸಾಕು, ಕೈ ಬೀಸುವುದು ನಿಲ್ಲಿಸಿ ಕ್ಯಾನು ಮುಂದೆ ಹಿಡಿಯುತ್ತಿದ್ದೆ.

ಒಂದು ದಿನ ಮೆಕ್ಕೆಜೋಳದ ವ್ಯಾಪಾರಿ ರುದ್ರಪ್ಪನವರ ಬೈಕು ಏರಿ ಮೇಲೇ ಬಂತು.

"ಏನ್ರೀ ಮೇಸ್ತ್ರಿ, ಕ್ಯಾನ್ ಹಿಡ್ಕಂಡು ಇಲ್ಲಿ? ಕೆರಿಯಾಗೆ ಹಾಲು ಕರೀತಾರೇನು? ವಾಕಿಂಗ್ ಅನ್ರಿ! ಶುಗರ್ರಾ?"

ಹೌದು ಅನ್ನಬಹುದಿತ್ತು. ಒಂದೇ ಶಬ್ದ.

"ಛೇ, ನಂಗೆಂಥ ಶುಗರ್ರೀ? ದುಡಿಯೋ ಮೈ ಇದು. ನಮ್ಮ ಹುಡುಗಿ ಊದ್ಕಂಡೈತಿ ನೋಡ್ರಿ. ಕರಗಿಸ್ರಿ ಅಂತ ಡಾಕ್ಟ್ರು ಹೇಳಿದ್ರು. ಅದಕ್ಕೆ ಓಡಿಸ್ಕಂಡು ಬಂದೀನಿ."

ತಿರುಗಿದರೆ ಸಹನಾ ಹಿಂದೆಯೇ ನಿಂತಿದ್ದಳು. ಯಾವಾಗ ಬಂದಳೋ.

ರುದ್ರಪ್ಪನವರು ಒಳ್ಳೆಯವರೇ. "ಪಾಪ, ಕೂಸಿಗೆ ಸುಸ್ತಾಗೈತಿ. ಹತ್ತವ್ವ, ಮನಿಗೆ ಬಿಡ್ತೀನಿ" ಅಂದರು. ಅಷ್ಟು ದಿನ ಯಾರ ಬೈಕೂ ಬೇಡ ಅಂದವಳು ಹತ್ತಿ ಕೂತಳು. ನನ್ನ ಕಡೆ ನೋಡಲೂ ಇಲ್ಲ.

ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ. ಆಮೇಲೂ ಇಲ್ಲ. ಒಂದು ದಿನ ತಲೆನೋವು, ಒಂದು ದಿನ ಹೋಂವರ್ಕು. ಊಟಕ್ಕೆ ಕೂತರೆ ಎರಡನೇ ರೊಟ್ಟಿ ಮುಟ್ಟುವುದಿಲ್ಲ. ಅವರಮ್ಮ ಕೇಳಿದರೆ "ಹಸಿವಿಲ್ಲ".

ಕ್ಯಾನು ಬಿಟ್ಟೆ. ಬೂಟು, ಟ್ರ್ಯಾಕ್ ಪ್ಯಾಂಟು ತಂದೆ. ಬಸ್ ಸ್ಟ್ಯಾಂಡಿನ ಮುಂದೆಯೇ ಕೈ ಬೀಸಿ ನಡೆದೆ. ಕೇಳಿದವರಿಗೆಲ್ಲ "ಶುಗರ್ ಐತ್ರೀ" ಅಂದೆ. ರುದ್ರಪ್ಪನವರ ಅಂಗಡಿಗೇ ಹೋಗಿ ನಿಜ ಹೇಳಿ ಬಂದೆ. ಅವರು ನಕ್ಕರಾ? "ನಂಗೂ ಐತಿ ಬಿಡ್ರಿ. ಮನಿ ಟೆರೇಸ್ ಮ್ಯಾಲೆ ನಡೀತೀನಿ. ಅಲ್ಲಾದ್ರೆ ಯಾರೂ ನೋಡಲ್ಲ" ಅಂದರು!

ಊರು ನಗುತ್ತದೆ ಅಂತ ಹೆದರಿದ್ದೆ. ಊರಿಗೆ ಪುರುಸೊತ್ತೇ ಇಲ್ಲ. ಈ ಸಲ ಶುಗರ್ ಇಳಿದಿದೆ ಅಂತ ಡಾಕ್ಟರು ಶಭಾಷ್ ಕೂಡ ಅಂದರು. ಯಾರಿಗೆ ಬೇಕಾಗಿತ್ತು?

ಮೊನ್ನೆ ಭಾನುವಾರ ಧೈರ್ಯ ಮಾಡಿ ಮಗಳ ಎದುರು ಕೂತೆ. ಡಾಕ್ಟರು ಹೇಳಿದ್ದು ನನಗೆ, ಮರ್ಯಾದೆಗೆ ಹೆದರಿ ನಿನ್ನ ಮೇಲೆ ಹಾಕಿದೆ, ಅದು ಸುಳ್ಳು ಅಂದೆ. ನಾಳೆಯಿಂದ ಬಾರವ್ವ ಅಂತ ಕರೆದೆ.

"ಸುಳ್ಳು ಯಾಕಂತೀಯಾ ಅಪ್ಪಾಜಿ?" ಅಂದಳು, ಪುಸ್ತಕದಿಂದ ತಲೆ ಎತ್ತದೆ. "ನಾನು ದಪ್ಪ ಇರೋದು ನಿಜಾನೇ ಅಲ್ವಾ?"

ನನ್ನ ಮೈ ಬಿಟ್ಟ ನಾಚಿಕೆ ಮಗಳ ಮೈ ಹೊಕ್ಕು ಕೂತಿದೆಯಲ್ಲ, ಅದನ್ನು ಇಳಿಸಲು ನಾನಿನ್ನು ಎಷ್ಟು ದೂರ ನಡೆಯಬೇಕು?