ಹಿಂದಕ್ಕೆ ಬಿಟ್ಟ ನೀರು

ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಹಿತ್ತಲಿನ ಗೋಡೆಗೂ ಹಿಂದಿನ ಓಣಿಯ ಕಾಕಾರ ಮನೆಗೂ ನಡುವೆ ಇದ್ದದ್ದು ಮೊಳದಗಲದ ಒಂದು ಸಂದಿ. ಕಾಕಾ ನಮಗೆ ಬಳಗದವರಲ್ಲ. ಓಣಿಯವರೆಲ್ಲ ಅವರನ್ನು ಕಾಕಾ ಎಂದೂ ಅವರ ಹೆಂಡತಿಯನ್ನು ಕಾಕು ಎಂದೂ ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಅವರು ಫಿಟ್ಟರ್. ವಾರಕ್ಕೊಂದು ಸೂಟಿ. ಆ ಸೂಟಿಗಳಲ್ಲೇ ತಾವೇ ಬುನಾದಿ ತೆಗೆದು, ಕಾಕು ಕಲ್ಲು ಹೊತ್ತು, ಐದು ವರ್ಷದಲ್ಲಿ ಮೂರು ಕೋಣೆ ಎಬ್ಬಿಸಿದ್ದರು. ಮನೆಗೆ ಬಂದವರಿಗೆ ಚಹಾ ಕೊಡುವ ಮೊದಲು ಗೋಡೆ ತಟ್ಟಿ ತೋರಿಸುವುದು ಅವರ ರೂಢಿ. "ಒಂದ ಬಿರುಕು ಹುಡುಕಿ ತೋರಸ್ರಿ ನೋಡೂಣು" ಎನ್ನುತ್ತಿದ್ದರು.

ಕಪ್ಪು ಎರೆಮಣ್ಣಿನ ಊರಿನಲ್ಲಿ ಅದು ಸಣ್ಣ ಮಾತಲ್ಲ. ನಾನು ಹತ್ತಿರದ ಸುಳ್ಳ ಎಂಬ ಊರಿನ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಏಪ್ರಿಲ್ ತಿಂಗಳಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಹೊಲಗಳೆಲ್ಲ ಅಂಗೈ ಹೋಗುವಷ್ಟು ಅಗಲಕ್ಕೆ ಬಿರಿದಿರುತ್ತಿದ್ದವು. ಜುಲೈ ಬಂದರೆ ಅದೇ ನೆಲ ನೀರು ಕುಡಿದು ಉಬ್ಬಿ, ಕಾಲಿಟ್ಟರೆ ಚಪ್ಪಲಿ ಬಿಡಿಸಿಕೊಳ್ಳಲಾಗದ ಹಾಗೆ ಹಿಡಿದುಕೊಳ್ಳುತ್ತಿತ್ತು. ನಮ್ಮ ಮನೆಯ ಕೆಳಗೂ ಅದೇ ಮಣ್ಣು. ನಮ್ಮಪ್ಪ ಹಿತ್ತಲಿಗೆ ಹಾಕಿಸಿದ ಗಚ್ಚಿನ ನೆಲ ಒಂದೊಂದು ಮಳೆಗಾಲಕ್ಕೂ ಒಂದಿಷ್ಟು ಎದ್ದು, ಒಂದೊಂದು ಬೇಸಿಗೆಗೂ ಒಂದಿಷ್ಟು ಕುಸಿದು, ಕೊನೆಗೆ ಹಂಚಿನ ಚೂರುಗಳ ಹಾಗೆ ಆಗಿತ್ತು. ಪಾತ್ರೆ ತಿಕ್ಕಲು ಕೂತ ನನ್ನ ಹೆಂಡತಿಯ ಮಣೆ ಅಲುಗಾಡುತ್ತಿತ್ತು. ಒಂದು ದಿನ ಅವಳು ತುಂಬಿದ ಕೊಡ ಹೊತ್ತು ಬರುವಾಗ ಎದ್ದ ಅಂಚಿಗೆ ಎಡವಿ ಬಿದ್ದು ಮುಂಗೈ ಮುರಿದುಕೊಂಡಳು. ಆಗ ನಾನು ಹಳೆಯದನ್ನು ಕಿತ್ತು ಹೊಸ ಕಾಂಕ್ರೀಟು ಹಾಕಿಸುವುದೆಂದು ನಿಶ್ಚಯ ಮಾಡಿದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು.

ಬಂದ ಗೌಂಡಿ ಗಾರೆ ಕೆಲಸ ಚೆನ್ನಾಗಿ ಬಲ್ಲವನು. ಎರಡಡಿ ಎರೆಮಣ್ಣು ತೆಗೆದು ಹೊರಗೆ ಹಾಕಿಸಿದ, ನೀರಿಗೆ ಉಬ್ಬದ ಗರಸು ಮಣ್ಣು ತುಂಬಿಸಿದ, ನೀರು ಹೊಡೆದು ದಿಮ್ಮಸಿನಿಂದ ಬಡಿಸಿದ. ಕಾಂಕ್ರೀಟು ಹಾಕುವ ಮುನ್ನಾದಿನ ನನ್ನನ್ನು ಹಿತ್ತಲಿಗೆ ಕರೆದ.

"ಮಾಸ್ತರ್ರಿ, ಹಿತ್ತಲ ನಾ ಗಟ್ಟಿ ಮಾಡಿ ಕೊಡ್ತೇನಿ. ಆದ್ರ ನೀರು ಹಿಂದಕ್ಕ ಬಿಡೂದು ಬ್ಯಾಡ್ರಿ. ಬಾಜೂಕಿನಿಂದ ಕಾಲಿವಿ ತಗದು ನಮ್ಮ ಓಣಿ ಗಟಾರಕ್ಕ ಬಿಡೂಣು."

"ಹಂಗ ಮಾಡಿದ್ರ ಮುಂದಿನ ಕಟ್ಟಿ ಒಡೀಬೇಕಲ್ಲ?"

"ಒಡೀಬೇಕ್ರಿ. ಇನ್ನೊಂದ ವಾರ ಹಿಡೀತೈತಿ."

"ಸಾಲಿ ಚಾಲೂ ಆಗಾಕ ಬಂದಾವು. ಹಿಂದಕ್ಕ ಬಿಡು. ಸಂದಿಯೊಳಗ ಹರಕೊಂಡು ಹೋಗ್ತೈತಿ."

"ಸಂದಿ ಆಚಿಗೆ ಕಾಕಾರ ಗ್ವಾಡಿ ಐತ್ರಿ" ಎಂದ. ನಾನು ಒಳಗೆ ಹೋದೆ. ಸಂದಿಯ ಎರಡೂ ತುದಿಗೆ ಹಳೆಯ ಕಲ್ಲು ಒಟ್ಟಿ ದಾರಿ ಮುಚ್ಚಿತ್ತು. ಹರಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ನನ್ನ ವಿದ್ಯಾರ್ಥಿ ಯಾರಾದರೂ ಕೇಳಿದ್ದರೆ ಹೇಳಬಲ್ಲವನಾಗಿದ್ದೆ. ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಸಂಜೆ ಕೂತು ಪೇಪರ್ ಓದುವ ಕಟ್ಟೆಯನ್ನು ಒಡೆಸುವ ಮನಸ್ಸಿರಲಿಲ್ಲ, ಅಷ್ಟೇ.

ಆ ಮಳೆಗಾಲ ನಮ್ಮ ಹಿತ್ತಲಿನಲ್ಲಿ ಒಂದು ಹನಿ ನಿಲ್ಲಲಿಲ್ಲ. ಸುರಿದದ್ದೆಲ್ಲ ಹಿಂದಿನ ಗೋಡೆಯ ಬುಡದಲ್ಲಿ ಬಿಡಿಸಿದ ತೂತಿನಿಂದ ಸರ್ರನೆ ಹೋಗಿಬಿಡುತ್ತಿತ್ತು. ಮಳೆ ಮುಗಿದ ಮೇಲೂ ವಾರಕ್ಕೊಮ್ಮೆ ನಳ ಬಂದ ದಿನ ಟಾಕಿ ತುಂಬಿ ಚೆಲ್ಲಿದ ನೀರು, ಪಾತ್ರೆ ತಿಕ್ಕಿದ ನೀರು, ಬಟ್ಟೆ ಒಗೆದ ನೀರು ಎಲ್ಲ ಅದೇ ದಾರಿ ಹಿಡಿದವು. ಹಳೆಯ ಒಡಕು ಗಚ್ಚು ಇಷ್ಟು ವರ್ಷ ಆ ನೀರನ್ನು ನಮ್ಮ ನೆಲದಲ್ಲೇ ಇಂಗಿಸಿಕೊಂಡಿತ್ತು.

ದೀಪಾವಳಿಗೆ ಸುಣ್ಣ ಬಳಿಯುವಾಗ ಕಾಕಾರಿಗೆ ಹಿಂದಿನ ಕೋಣೆಯಲ್ಲಿ ಮೊದಲ ಬಿರುಕು ಕಂಡಿತು. ನನ್ನನ್ನೇ ಕರೆಸಿದರು, ಕಲಿತವನು ಎಂದು. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಸಣ್ಣ ಗೆರೆ. ಕೆಳಗೆ ನೆಲದ ಎರಡು ಫರಸಿ ಕಲ್ಲುಗಳು ಅಂಚಿನಲ್ಲಿ ಎದ್ದಿದ್ದವು. ಅದು ನಮ್ಮ ಕಡೆಯ ಗೋಡೆ. ಆಚೆ ಯಾವ ತೂತು ಇದೆ ಎಂಬುದು ನೋಡಿದ ಕೂಡಲೇ ನೆನಪಾಯಿತು.

"ಏನ ಆಗಿರಬೇಕ್ರಿ ಮಾಸ್ತರ?"

"ಎರಿ ಭೂಮಿ ಅಲ್ರಿ ಕಾಕಾ. ಎಲ್ಲಾರ ಮನ್ಯಾಗೂ ಇದ್ದದ್ದ" ಎಂದೆ.

ಅವರು ತಲೆಯಾಡಿಸಿದರು. ಕಾಕು ಕೊಟ್ಟ ಚಹಾ ಕುಡಿದು ಬಂದೆ. ಮನೆಯಲ್ಲಿ ಹೆಂಡತಿ, "ನೀರು ನಮ್ಮವ ಅಲ್ಲೇನ್ರಿ ಅವು?" ಎಂದು ಕೇಳಿದಳು. ಸುಮ್ಮನಿರು ಎಂದು ಗದರಿದೆ. ಮರುದಿನದಿಂದ ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಮನೆ ದಾಟಿ ಹೋಗಿ, ಮುಂದಿನ ಗಟಾರಕ್ಕೆ ಸುರಿದು ಬರತೊಡಗಿದಳು. ಮುರಿದು ಕೂಡಿದ್ದ ಆ ಕೈಯಲ್ಲೇ. ನಾನು ಕಟ್ಟೆಯ ಮೇಲೆ ಕೂತು ಅದನ್ನು ನೋಡುತ್ತಿದ್ದೆ. ನಳದ ನೀರನ್ನೂ ಮಳೆಯನ್ನೂ ಬಕೆಟ್ಟಿನಲ್ಲಿ ಹಿಡಿಯಲಾಗುವುದಿಲ್ಲವಲ್ಲ.

ಆ ಕೋಣೆಯನ್ನು ಕಾಕು ಮಗಳ ಬಾಣಂತನಕ್ಕೆಂದು ಇಟ್ಟಿದ್ದರು. ಚೊಚ್ಚಲ ಹೆರಿಗೆ. ಏಪ್ರಿಲ್‌ಗೆ ದಿನ ತುಂಬುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಕೋಣೆಯ ಬಾಗಿಲು ಹಾಕಲು ಬಾರದಂತೆ ಚೌಕಟ್ಟು ಸೊಟ್ಟಗಾಯಿತು. ನಡುವಿನ ಫರಸಿಗಳು ಆಮೆಯ ಬೆನ್ನಿನ ಹಾಗೆ ಎದ್ದವು. ಗೋಡೆಗೆ ತೇವದ ತಂಪು ಏರಿತು. ಮಗಳನ್ನು ಕರೆತರಲು ಹೋದಾಗ ಬೀಗರು ಮೊದಲು ಕೋಣೆ ನೋಡುತ್ತೇವೆಂದು ಬಂದರು, ನೋಡಿದರು, "ಇಂಥಾ ತಂಪಿನ್ಯಾಗ ಕೂಸು ಬಾಣಂತಿ ಇಡೂದು ಬ್ಯಾಡ" ಎಂದು ಹೇಳಿ ಹೋದರು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಲಿಲ್ಲ. ಅಂದು ಕಾಕು ಕಾಕಾರನ್ನು ಬೈದದ್ದು ಗೋಡೆ ದಾಟಿ ನಮಗೆ ಕೇಳಿಸಿತು.

"ಊರ ಮಂದಿ ಮಿಶಿನ್ ರಿಪೇರಿ ಮಾಡೂದ ಗೊತ್ತು. ಸ್ವಂತ ಮನಿ ಬುನಾದಿ ನೆಟ್ಟಗ ತಗ್ಯಾಕ ಬರಲಿಲ್ಲ. ನಾ ಕಲ್ಲು ಹೊತ್ತದ್ದೆಲ್ಲಾ ಮಣ್ಣಪಾಲ ಆತು."

ಅದರ ನಡುವೆ ಕಾಕಾ ಆ ಸೊಟ್ಟ ಬಾಗಿಲನ್ನು ಮತ್ತೆ ಮತ್ತೆ ನೂಕುವ ಸಪ್ಪಳ.

ಮಾರ್ಚ್ ತಿಂಗಳ ಒಂದು ಭಾನುವಾರ ಮುಂಜಾನೆ ಹಾರೆಯ ಸಪ್ಪಳ ಬಂತು. ಹೋಗಿ ನೋಡಿದರೆ ಕಾಕಾ ಕೋಣೆಯ ಫರಸಿ ಕಿತ್ತು, ಗೋಡೆಯ ಪಕ್ಕ ಸೊಂಟದಷ್ಟು ತಗ್ಗು ತೋಡಿ ಅದರಲ್ಲಿ ನಿಂತಿದ್ದರು. ಅರವತ್ತು ತುಂಬಿದ ಮನುಷ್ಯ, ತಮ್ಮ ತಪ್ಪನ್ನು ತಾವೇ ಅಗೆದು ಹುಡುಕುತ್ತಿದ್ದರು. ಬುನಾದಿಯ ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ, "ಇದು ಸರಿ ಕುಂತೈತಿ, ಇದೂ ಸರಿ ಕುಂತೈತಿ" ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಒಂದು ಹಿಡಿ ಮಣ್ಣು ಮೇಲಕ್ಕೆತ್ತಿ ಕೊಟ್ಟರು. ಕರಿ ಮಣ್ಣು, ಒದ್ದೆ. ಹಿಸುಕಿದರೆ ಬೆರಳ ಗುರುತು ಉಳಿಯಿತು.

"ನೀವು ವಿಜ್ಞಾನ ಕಲಸಾವ್ರು. ಬ್ಯಾಸಿಗ್ಯಾಗ ಈ ಹಸಿ ಎಲ್ಲಿಂದ ಬಂತು ಹೇಳ್ರಿ."

ಆಗ ಹೇಳಬೇಕಿತ್ತು. ಮಣ್ಣು ನನ್ನ ಕೈಯಲ್ಲಿತ್ತು, ಮಾತು ಬಾಯಿಯಲ್ಲಿತ್ತು. "ಒಳಗ ಎಲ್ಲೋ ಝರಿ ಇರಬೇಕ್ರಿ ಕಾಕಾ" ಎಂದೆ.

ಅವರು ಹಾರೆ ಬದಿಗಿಟ್ಟರು. "ಹಂಗಾರ ತಪ್ಪು ನಂದ. ಜಾಗಾ ನೋಡಲಾರದ ಬುನಾದಿ ಹಾಕೀನಿ" ಎಂದು ಮೇಲೆ ಹತ್ತಿ ಬಂದರು. ಅವತ್ತಿನಿಂದ ಅವರು ಯಾರಿಗೂ ಗೋಡೆ ತಟ್ಟಿ ತೋರಿಸಲಿಲ್ಲ.

ಮತ್ತೊಂದು ಮಳೆಗಾಲ ಹೋಯಿತು. ಎಂಟನೆಯ ತರಗತಿಗೆ ಕಪ್ಪು ಮಣ್ಣಿನ ಗುಣಗಳನ್ನು ಪಾಠ ಮಾಡಿದೆ. ನೀರು ಹೀರಿ ಉಬ್ಬುತ್ತದೆ, ಬಹಳ ದಿನ ತೇವ ಹಿಡಿದಿಡುತ್ತದೆ ಎಂದು ಹಲಗೆಯ ಮೇಲೆ ಬರೆದೆ. ಬರೆದು ತಿರುಗಿದಾಗ ಕಾಕಾ ಎತ್ತಿ ಕೊಟ್ಟ ಹಿಡಿ ಮಣ್ಣು ನೆನಪಾಯಿತು. ಮುಂದಿನ ವರ್ಷ ಬೇಸಿಗೆ ಸೂಟಿ ಶುರುವಾದ ದಿನವೇ ಗೌಂಡಿಯನ್ನು ಹುಡುಕಿಕೊಂಡು ಹೋದೆ. ಇನ್ನೂ ಹೊಸದರಂತಿದ್ದ ಕಾಂಕ್ರೀಟು ಒಡೆದು ಮತ್ತೆ ಹಾಕು, ಕಟ್ಟೆ ಒಡೆದು ಗಟಾರಕ್ಕೆ ನೀರು ಬಿಡು ಎಂದೆ. ಅವನು ನನ್ನ ಮುಖ ನೋಡಿ, "ಆತ್ರಿ" ಎಂದಷ್ಟೇ ಹೇಳಿದ.

ಯಾಕೆಂದು ಕೇಳದ ಅವನ ಆ ಮರ್ಯಾದೆಯೇ ನನಗೆ ತಪ್ಪಿಸಿಕೊಳ್ಳುವ ದಾರಿಯಾಗಿತ್ತು. ಯಾರಿಗೂ ಏನೂ ಹೇಳದೆ ಸರಿ ಮಾಡಿಬಿಡೋಣ ಎಂದುಕೊಂಡಿದ್ದೆ. ಆದರೆ ಗರಸು ತುಂಬುವ ದಿನ ಕಾಕಾ ತಾವಾಗಿ ಬಂದರು. ಆಳು ಒಬ್ಬ ಕಡಿಮೆ ಬಿದ್ದದ್ದು ಕಂಡು ಅಂಗಿ ಬಿಚ್ಚಿಟ್ಟು ದಿಮ್ಮಸು ಹಿಡಿದರು. "ನಿಮ್ಮ ಮನಿಗಾದ್ರೂ ನಮ್ಮ ಗತಿ ಬರೂದು ಬ್ಯಾಡ" ಎನ್ನುತ್ತ ನಮ್ಮ ನೆಲವನ್ನು ಬಡಿಯತೊಡಗಿದರು. ಪ್ರತಿ ಏಟಿಗೂ ಅವರ ಉಸಿರು ಹೂಂ ಎನ್ನುತ್ತಿತ್ತು. ನನಗೆ ನೋಡುತ್ತ ನಿಲ್ಲಲಾಗಲಿಲ್ಲ. ಹೋಗಿ ದಿಮ್ಮಸಿನ ಹಿಡಿಕೆ ಹಿಡಿದುಕೊಂಡೆ.

"ಕಾಕಾ, ಅಲ್ಲಿ ಝರಿ ಇಲ್ರಿ. ನೀರು ನಮ್ಮವು. ಗೌಂಡಿ ಬ್ಯಾಡ ಅಂದಿದ್ದ, ನಾನ ಹಿಂದಕ್ಕ ಬಿಡಸಿದೆ. ನಿಮ್ಮ ಬುನಾದಿಯೊಳಗ ಏನೂ ತಪ್ಪಿಲ್ರಿ."

ಅವರು ಹಿಂದಿನ ಗೋಡೆಯ ತೂತಿನ ಕಡೆ ತಿರುಗಿದರು. "ಯಾವಾಗಿಂದ ಗೊತ್ತಿತ್ತು?" ಎಂದರು.

"ಮೊದಲನೇ ಬಿರುಕಿನಿಂದ."

"ನಾ ತಗ್ಗಿನ್ಯಾಗ ನಿಂತಾಗೂ?"

"ಗೊತ್ತಿತ್ರಿ."

ದಿಮ್ಮಸು ಬಿಟ್ಟರು. ಅಂಗಿ ತೆಗೆದುಕೊಂಡು, ಹಾಕಿಕೊಳ್ಳದೆ, ಹೆಗಲ ಮೇಲಿಟ್ಟುಕೊಂಡು ಹೊರಟರು. ಗೌಂಡಿಯೂ ಆಳುಗಳೂ ತಲೆ ತಗ್ಗಿಸಿ ಕೆಲಸ ಮುಂದುವರಿಸಿದರು. ಆ ದಿನ ನಾನು ಊಟ ಮಾಡಲಿಲ್ಲ. ಹೆಂಡತಿಯೂ ಒತ್ತಾಯ ಮಾಡಲಿಲ್ಲ.

ಮರುದಿನ ಮುಂಜಾನೆ ಕಾಂಕ್ರೀಟು ಕಲಸುವ ಮೊದಲು ಕಾಕಾ ಮತ್ತೆ ಬಂದರು. ಕೈಯಲ್ಲಿ ಮಟ್ಟ ನೋಡುವ ನೀರಿನ ಪೈಪು ಇತ್ತು. ನನ್ನ ಕಡೆ ನೋಡದೆ ಗೌಂಡಿಗೆ ಹೇಳಿದರು: "ಇಳಿಜಾರು ನಾ ನೋಡ್ತೇನಿ. ಮಾಸ್ತರನ ಮ್ಯಾಲ ನನಗ ಭರೋಸಾ ಇಲ್ಲ."

ಇಡೀ ದಿನ ಪೈಪಿನ ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನನ್ನ ಕೈಗೆ ಕೊಟ್ಟರು. "ಮ್ಯಾಲ", "ಕೆಳಗ", "ಹಿಡಿ" ಬಿಟ್ಟರೆ ಬೇರೆ ಮಾತಿಲ್ಲ. ಮೂಲೆಯಿಂದ ಮೂಲೆಗೆ ಗುರುತು ಹಾಕಿ, ಹಿಂದಿನ ಗೋಡೆಯ ತೂತನ್ನು ತಮ್ಮ ಕೈಯಿಂದಲೇ ಕಲ್ಲು ಸಿಮೆಂಟು ಹಾಕಿ ಮುಚ್ಚಿ, ಸಂಜೆ ಹೋದರು. ಕೆಲಸ ಮುಗಿದ ಮೇಲೆ ನಾನು ಅವರ ಕೋಣೆಯನ್ನು ರಿಪೇರಿ ಮಾಡಿಸಿ ಕೊಡುತ್ತೇನೆ ಎಂದೆ. ಬೇಡ ಎಂದರು. ಎರಡು ಬೇಸಿಗೆ ಒಣಗಲು ಬಿಟ್ಟು, ಫರಸಿಗಳನ್ನು ತಾವೇ ಕೂರಿಸಿದರು. ನನ್ನೊಡನೆ ಮಾತು ಬಿಡಲಿಲ್ಲ. ಮಳೆ, ನಳ, ಪೇಪರಿನ ಸುದ್ದಿ ಎಲ್ಲ ಮಾತಾಡುತ್ತಿದ್ದರು.

ಕಾಂಕ್ರೀಟು ಹಾಕಿದ ವಾರವೇ ನಾನು ಕ್ಷಮೆ ಕೇಳಲು ಹೋದದ್ದು ಕಾಕುವಿನ ಬಳಿಗೆ. ಅವರು ಹೊರಗೆ ಕೂತು ಜೋಳ ಹಸನು ಮಾಡುತ್ತಿದ್ದರು. ಮಾತು ಮುಗಿಯುವವರೆಗೆ ಮೊರ ನಿಲ್ಲಿಸಲಿಲ್ಲ.

"ನೀರು ಬಂದದ್ದಕ್ಕ ನನಗ ಸಿಟ್ಟಿಲ್ರಿ ಮಾಸ್ತರ" ಎಂದರು ಕೊನೆಗೆ. "ನೀರು ತಗ್ಗು ಕಂಡಲ್ಲೆ ಹೋಗ್ತೈತಿ. ಒಂದೂವರಿ ವರ್ಷ ನಾ ಅವ್ರಿಗೆ ಬಾಯಿಗೆ ಬಂದಂಗ ಅಂದೇನಿ. ಅವರು ಒಂದ ದಿನ ತಿರುಗಿ ಮಾತಾಡಲಿಲ್ಲ. ಅದನ್ನ ಹೆಂಗ ವಾಪಸ್ ತಗೊಳ್ಲಿ, ನೀವ ಹೇಳ್ರಿ."

ಕಾಕು ನಮ್ಮ ಮನೆಗೆ ಬರುವುದನ್ನು ನಿಲ್ಲಿಸಲಿಲ್ಲ. ಈಗಲೂ ಬಂದರೆ ಅಡಿಗೆಮನೆಯಲ್ಲಿ ನನ್ನ ಹೆಂಡತಿಯ ಜೊತೆ ಕೂತು ನಗುತ್ತ ಮಾತಾಡುತ್ತಾರೆ. ನಾನು ಹೊರಗಿನಿಂದ ಬಂದ ಸಪ್ಪಳ ಕೇಳಿದರೆ ಸೆರಗು ಸರಿ ಮಾಡಿಕೊಂಡು ಎದ್ದು, "ಬರ್ತೇನ್ರಿ, ಕೆಲಸ ಐತಿ" ಎನ್ನುತ್ತಾರೆ.