ಎಡೆ ಇಟ್ಟ ಮೇಲೆ

ಕಾಮಾಕ್ಷಿಪಾಳ್ಯದ ಮುನಿತಾಯಮ್ಮನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಗಂಡ ತಿಮ್ಮಯ್ಯನಿಗೆ ‘ಇವಳೇ’, ಮಗ ಮಧುಕುಮಾರನಿಗೆ ‘ಅಮ್ಮಾ’, ಬೀದಿಗೆ ‘ಆಂಟಿ’. ಹಾಗಾಗಿ ಫೋನಿನಲ್ಲಿ ಒಬ್ಬ, “ಮುನಿತಾಯಮ್ಮ ಮೇಡಂ ಅವರಾ? ಕಂಗ್ರಾಜುಲೇಷನ್ಸ್!” ಎಂದಾಗ ಅವಳು ಸೆರಗಿಗೆ ಕೈ ಒರೆಸಿಕೊಂಡು ನೆಟ್ಟಗೆ ನಿಂತಳು.

ವಿಜಯನಗರದ ಪಾತ್ರೆ ಅಂಗಡಿಯಲ್ಲಿ ಕುಕ್ಕರ್ ಕೊಂಡಾಗ ತುಂಬಿದ್ದ ಕೂಪನ್ನಿಗೆ ವಾಷಿಂಗ್ ಮೆಷಿನ್ ಬಂದಿದೆಯಂತೆ. ಯಾವಾಗಲೂ ಗಂಡನ ಹೆಸರು ಬರೆಯುತ್ತಿದ್ದವಳು ಅವತ್ತು ಮಾತ್ರ ತನ್ನದನ್ನು ಬರೆದಿದ್ದಳು.

ಅವಳಿಗೆ ಗರ್ಭಕೋಶ ಜಾರಿತ್ತು. ಒದ್ದೆ ಬಟ್ಟೆಯ ಬಕೆಟ್ ಎತ್ತಲೇಬೇಡಿ ಎಂದು ಡಾಕ್ಟರಮ್ಮ ವರ್ಷಗಳಿಂದ ಹೇಳುತ್ತಿದ್ದರು. ಎತ್ತದಿದ್ದರೆ ಬಟ್ಟೆ ತಾನಾಗಿ ಟೆರೇಸು ಹತ್ತುತ್ತಿರಲಿಲ್ಲ. ಗಾರ್ಮೆಂಟ್ಸಿನ ಶರ್ಟುಗಳನ್ನು ಮನೆಗೆ ತಂದು ದಾರ ಕತ್ತರಿಸಿ, ಆ ದುಡ್ಡಲ್ಲಿ ಚೀಟಿ ಹಾಕಿ, ಆಪರೇಷನ್ನಿಗೆಂದೇ ಈ ಸಲ ಎತ್ತಿದ್ದಳು. ಹಿರಿಯರ ಹಬ್ಬ ಮುಗಿದ ಮೇಲೆ ಅಡ್ಮಿಟ್ ಆಗುವುದೆಂದು ನಿಗದಿಯಾಗಿತ್ತು. ಆಪರೇಷನ್ ಆದ ಮೇಲೂ ಭಾರ ಎತ್ತಬಾರದಲ್ಲ, ಮೆಷಿನ್ ಸರಿಯಾದ ಹೊತ್ತಿಗೇ ಬರುತ್ತಿದೆ ಎಂದುಕೊಂಡಳು.

“ಟ್ಯಾಕ್ಸ್ ಮೊದ್ಲು ಕಟ್ಬೇಕು ಮೇಡಂ,” ಎಂದ ಫೋನಿನವನು. “ಮನೇಲಿ ಈಗ್ಲೇ ಹೇಳ್ಬೇಡಿ, ಸರ್‌ಪ್ರೈಸ್ ಆಗಿರ್ಲಿ.”

ಅವಳಿಗೇನೂ ವಿಚಿತ್ರ ಕಾಣಲಿಲ್ಲ. ಬೀದಿಯ ಚೀಟಿ ನಡೆಸುವ ಅಕ್ಕಯ್ಯಮ್ಮನ ಮನೆಯಲ್ಲೂ ಅದೇ ಪದ್ಧತಿ. ಯಾರ ಹೆಸರು ಎದ್ದಿತೋ ಅವರು ಮೊದಲು ಕಮಿಷನ್ ಮುಂದಿಟ್ಟು, ಎಲ್ಲರಿಗೂ ಬೋಂಡಾ ಕಾಫಿ ಕೊಡಿಸಿ, ಆಮೇಲೆ ದುಡ್ಡಿಗೆ ಕೈ ಹಾಕಬೇಕು. ಗೆದ್ದವರು ಕೊಡುವುದೇ ಮರ್ಯಾದೆ. ಫೋನಿನಿಂದಲೇ ಕಳಿಸಿದಳು. ಮರುದಿನ ಇನ್ಶೂರೆನ್ಸ್ ಅಂದ, ಅದನ್ನೂ ಕಳಿಸಿದಳು. ಹಬ್ಬದ ಬೆಳಿಗ್ಗೆ, ಲಾರಿ ದೀಪಾಂಜಲಿ ನಗರಕ್ಕೆ ಬಂದಿದೆ, ಉಳಿದದ್ದು ಹಾಕಿ ಅಂದ. ಹಾಕಿದಳು. ಆಪರೇಷನ್ನಿಗೆಂದು ಎತ್ತಿದ ಚೀಟಿ ದುಡ್ಡು ಅಲ್ಲಿಗೆ ಖಾಲಿ. ಆಮೇಲೆ ಆ ನಂಬರು ಸ್ವಿಚ್ ಆಫ್.

ವಡೆ ತಟ್ಟಲು ಬಂದಿದ್ದ ಪಕ್ಕದ ಮನೆ ವರಲಕ್ಷ್ಮಿಗೆ ಮೆಲ್ಲಗೆ ಹೇಳಿದಳು.

“ಅಯ್ಯೋ ಆಂಟಿ! ಗೆದ್ದೋರ ಹತ್ರ ಯಾರಾದ್ರೂ ದುಡ್ಡು ಕೇಳ್ತಾರಾ?”

“ಚೀಟೀಲಿ ಕೊಡಲ್ವೇನೇ?”

“ಚೀಟೀಲಿ ಅಕ್ಕಯ್ಯಮ್ಮ ಕಣ್ಮುಂದೆ ಕೂತಿರ್ತಾಳೆ. ಇವನ ಮೂತಿ ನೋಡಿದೀರಾ?”

ವರಲಕ್ಷ್ಮಿಯೇ ಅಂಗಡಿಗೆ ಫೋನ್ ಮಾಡಿ ಕೇಳಿದಳು. ಡ್ರಾ ಇನ್ನೂ ಆಗಿಯೇ ಇರಲಿಲ್ಲ.

“ಈಗ್ಲೇ ಸೈಬರ್ ಪೊಲೀಸ್ ನಂಬರ್ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದ್ರೆ ದುಡ್ಡು ತಡೀತಾರಂತೆ.”

ಮುನಿತಾಯಮ್ಮ ಅವಳ ಕೈ ಹಿಡಿದಳು. “ಶ್! ನೆಂಟ್ರೆಲ್ಲಾ ಬಂದವ್ರೆ ಕಣೇ. ಎಡೆ ಇಟ್ಟು, ಎಲ್ರೂ ಉಂಡ್ಮೇಲೆ.”

ಎಡೆಗೆ ಮುಂಚೆ ಮನೆಯಲ್ಲಿ ರಂಪವಾದರೆ ಹಿರಿಯರು ಹಸಿದು ಹಿಂತಿರುಗುತ್ತಾರೆಂದು ಅತ್ತೆ ಹೇಳಿಕೊಟ್ಟಿದ್ದಳು. ಹಿರಿಯರೆಂದರೆ ತಿಮ್ಮಯ್ಯನ ಹಿರಿಯರು. ಅವಳ ಅಪ್ಪ ಅವ್ವನಿಗೆ ಈ ಮನೆಯಲ್ಲಿ ಎಡೆ ಇರಲಿಲ್ಲ. ಅವಳು ಮುದ್ದೆ ತಿರುವಿದಳು, ಮಟನ್ ಸಾರು ಇಳಿಸಿದಳು, ಮೂರು ಪಂಕ್ತಿ ಬಡಿಸಿದಳು. “ಅತ್ತಿಗೆ, ಸಾರಿಗೆ ಉಪ್ಪೇ ಇಲ್ಲ. ಯಾವ ಲೋಕದಲ್ಲಿದೀಯ?” ಎಂದು ನಾದಿನಿ ಕೂಗಿದಾಗ ಎಲ್ಲರೂ ನಕ್ಕರು. ಅವಳೂ ನಕ್ಕಳು.

ಸಂಜೆ ಮಗ ಕರೆದೊಯ್ದ ಠಾಣೆಯಲ್ಲಿ ಪೊಲೀಸಿನವನು ಕೇಳಿದ: “ಮೋಸ ಅಂತ ಯಾವಾಗ ಗೊತ್ತಾಯ್ತಮ್ಮ?”

“ಬೆಳಿಗ್ಗೆ.”

“ಅಲ್ಲಿಂದ ಏನ್ಮಾಡ್ತಿದ್ರಿ? ದುಡ್ಡು ಇಷ್ಟೊತ್ತಿಗೆ ಹತ್ತು ಅಕೌಂಟ್ ದಾಟಿರತ್ತೆ.”

“ಅಡುಗೆ ಮಾಡ್ತಿದ್ದೆ ಸಾರ್.”

ಮಧುಕುಮಾರ ತಲೆ ಚಚ್ಚಿಕೊಂಡ. “ನಂಗೊಂದ್ ಮಾತು ಕೇಳಕ್ಕಾಗ್ಲಿಲ್ವಾ?” ಅವಳ ಫೋನು ಅವನ ಜೇಬಿಗೆ ಹೋಯಿತು. ಮನೆಯಲ್ಲಿ ತಿಮ್ಮಯ್ಯ ಬೈಯಲೂ ಇಲ್ಲ. “ಇಷ್ಟ್ ವರ್ಷ ತಡ್ಕೊಂಡಿಲ್ವಾ? ಆಪರೇಷನ್ನೇನು ಓಡಿ ಹೋಗತ್ತಾ?” ಎಂದು ಮಗ್ಗುಲು ಬದಲಿಸಿದ.

ಮೂರನೆಯ ದಿನ ಅವಳೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ, ಬರಲಾಗುವುದಿಲ್ಲವೆಂದು ಹೇಳಿದಳು.

“ಮುಂದಿನ ತಿಂಗಳಿಗೆ ಹಾಕ್ಲಾ ಅಮ್ಮ?” ನರ್ಸ್ ಕೇಳಿದಳು.

“ಬೇಡ.”

“ಮತ್ತೆ ಗರ್ಭಕೋಶ ಹೊರಗೆ ಬಂದ್ರೆ ಏನ್ಮಾಡ್ತೀರಾ?”

“ಒಳಗೆ ತಳ್ಕೋತೀನಿ,” ಎಂದಳು ಮುನಿತಾಯಮ್ಮ. “ನಿಂತ್ಕೊಂಡೇ ತಳ್ಕೊಳೋದು ಅಭ್ಯಾಸ ಆಗಿದೆ. ಒಲೆ ಮುಂದಿಂದ ಅಲ್ಲಾಡೋದೇ ಬೇಡ.”